ಅರ್ಜೆಂಟೋ ಕೈಯಲ್ಲಿ ಡ್ರಾಕುಲಾ ಸೋತದ್ದೇಕೆ?

2012ರ ಮೇ ತಿಂಗಳಲ್ಲಿ, ಕಾನ್ ಚಿತ್ರೋತ್ಸವದ ಸ್ಪರ್ಧೆಯಾಚೆಗಿನ ನಡುರಾತ್ರಿ ಪ್ರದರ್ಶನದಲ್ಲಿ ‘ಡ್ರಾಕುಲಾ ತ್ರೀಡಿ’ ಮೊದಲ ಬಾರಿ ತೆರೆಗೆ ಬಂತು. ನಿರ್ದೇಶಕರು ಇಟಲಿಯ ದಾರಿಯೋ ಅರ್ಜೆಂಟೋ. ‘ಡೀಪ್ ರೆಡ್’ (1975), ‘ಸಸ್ಪೀರಿಯಾ’ (1977), ‘ಟೆನೆಬ್ರೇ’ (1982), ‘ಒಪೆರಾ’ (1987) ಮಾಡಿದವರು. ಬಣ್ಣ, ಸದ್ದು, ಕ್ಯಾಮೆರಾದ ನಡಿಗೆ ಇಷ್ಟರಿಂದಲೇ ಮೈ ಜುಮ್ಮೆನ್ನಿಸಬಲ್ಲ ಇಂಥವರು ಡ್ರಾಕುಲಾನನ್ನು ಕೈಗೆತ್ತಿಕೊಂಡರೆ ನಿರೀಕ್ಷೆ ಹುಟ್ಟುವುದು ಸಹಜ. ಬಂದ ಸಿನಿಮಾ ಮಾತ್ರ ಪೇಲವವಾಗಿತ್ತು. ವಿಮರ್ಶಕರು ಕಟುವಾಗಿಯೇ ಬರೆದರು. ದಶಕ ಕಳೆದ ಮೇಲೂ ಈ ಸಿನಿಮಾ ನೆನಪಾಗುವುದು ಅದರ ಕಳಪೆ ಗ್ರಾಫಿಕ್ಸ್‌ನಿಂದಲೇ.

‘ವಯಸ್ಸಾಯಿತು, ಕೈ ಸೋತಿತು’ ಎಂದು ಹೇಳಿ ಮುಗಿಸಿಬಿಡಬಹುದು. ಆದರೆ ತಂತ್ರಜ್ಞರ ಪಟ್ಟಿ ನೋಡಿದರೆ ಆ ಉತ್ತರ ನಿಲ್ಲುವುದಿಲ್ಲ. ಛಾಯಾಗ್ರಹಣ ಲುಚಿಯಾನೋ ತೊವೊಲಿ ಅವರದು. ‘ಸಸ್ಪೀರಿಯಾ’ ಮತ್ತು ‘ಟೆನೆಬ್ರೇ’ಗೆ ಕ್ಯಾಮೆರಾ ಹಿಡಿದವರು ಅವರೇ. ಸಂಗೀತ ಕ್ಲಾಡಿಯೋ ಸಿಮೊನೆಟ್ಟಿ ಅವರದು. ‘ಡೀಪ್ ರೆಡ್’ ಕಾಲದಿಂದ ಜತೆಗಿದ್ದ ‘ಗಾಬ್ಲಿನ್’ ತಂಡದ ಕೀಬೋರ್ಡ್ ವಾದಕರು. ಮೇಕಪ್ ಮತ್ತು ಎಫೆಕ್ಟ್ಸ್ ಸೆರ್ಜಿಯೋ ಸ್ಟಿವಲೆಟ್ಟಿ ಅವರದು. 1985ರ ‘ಫಿನಾಮಿನಾ’ದಿಂದಲೂ ಅರ್ಜೆಂಟೋ ಜತೆ ದುಡಿದವರು. ಅಂದರೆ ಒಂದು ಕಾಲದಲ್ಲಿ ಅದ್ಭುತ ಮಾಡಿದ ಕೈಗಳೇ ಇಲ್ಲಿಯೂ ಇವೆ. ಬದಲಾಗಿದ್ದು ಅವರಿಗೆ ಸಿಕ್ಕ ಕಥೆ, ಅವರು ಆರಿಸಿಕೊಂಡ ತಂತ್ರ ಮತ್ತು ಅವರ ಹಿಂದಿದ್ದ ಹಣದ ಸ್ವರೂಪ. ಈ ಮೂರೂ ಅರ್ಜೆಂಟೋ ಭಯ ಹುಟ್ಟಿಸುತ್ತಿದ್ದ ವಿಧಾನಕ್ಕೆ ನೇರವಾಗಿ ಅಡ್ಡಬಂದವು. ಅದು ಹೇಗೆಂದು ತಿಳಿಯಬೇಕಾದರೆ ಮೊದಲು ಆ ವಿಧಾನ ಏನೆಂದು ನೋಡಬೇಕು.

ಕಂಡದ್ದನ್ನು ನಂಬದಂತೆ ಮಾಡುವ ವಿದ್ಯೆ

ಅರ್ಜೆಂಟೋ ರೋಮ್‌ನಲ್ಲಿ ಸಿನಿಮಾ ವಿಮರ್ಶಕರಾಗಿ ಶುರುಮಾಡಿದವರು. ಸೆರ್ಜಿಯೋ ಲಿಯೋನೆ ಅವರ ‘ಒನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್’ (1968) ಸಿನಿಮಾಕ್ಕೆ ಬರ್ನಾರ್ಡೋ ಬರ್ತೊಲುಚಿ ಜತೆಗೂಡಿ ಕಥೆ ಕಟ್ಟಿದ್ದರು. ಅವರು ಮೊದಲು ನಿರ್ದೇಶಿಸಿದ ಸಿನಿಮಾ 1970ರ ‘ದ ಬರ್ಡ್ ವಿತ್ ದ ಕ್ರಿಸ್ಟಲ್ ಪ್ಲೂಮೇಜ್’. ಅದರ ಆರಂಭದಲ್ಲೇ ಅವರ ಇಡೀ ವಿಧಾನ ಇದೆ. ಚಿತ್ರಶಾಲೆಯೊಂದರಲ್ಲಿ ಹಲ್ಲೆ ನಡೆಯುತ್ತಿದೆ. ನಾಯಕ ಎರಡು ಗಾಜಿನ ಬಾಗಿಲುಗಳ ನಡುವೆ ಸಿಕ್ಕಿಬಿದ್ದು ಎಲ್ಲವನ್ನೂ ನೋಡುತ್ತಾನೆ. ನಾವೂ ನೋಡುತ್ತೇವೆ. ಆದರೆ ಯಾರು ಯಾರ ಮೇಲೆ ಬಿದ್ದರು ಎಂಬುದನ್ನು ಅವನೂ ತಪ್ಪಾಗಿ ಓದಿಕೊಳ್ಳುತ್ತಾನೆ, ನಾವೂ.

‘ಡೀಪ್ ರೆಡ್’ನಲ್ಲಿ ಇದು ಇನ್ನಷ್ಟು ಹದಕ್ಕೆ ಬಂತು. ಪಿಯಾನೋ ವಾದಕನೊಬ್ಬ ಕೊಲೆಯಾದ ಮನೆಗೆ ಓಡುತ್ತಾನೆ, ಚಿತ್ರಪಟಗಳು ತುಂಬಿದ ಹಾದಿಯನ್ನು ದಾಟಿ ಒಳಗೆ ಹೋಗುತ್ತಾನೆ. ಆಮೇಲೆ ಅಲ್ಲಿದ್ದ ಒಂದು ಚಿತ್ರಪಟ ಕಾಣೆಯಾಗಿದೆ ಎಂಬ ಅನುಮಾನ ಅವನನ್ನು ಕಾಡುತ್ತದೆ. ಅಸಲಿಗೆ ಅದು ಚಿತ್ರಪಟವಲ್ಲ, ಕನ್ನಡಿ. ಅದರೊಳಗೆ ಅವನು ಕಂಡದ್ದು ಕೊಲೆಗಾರರ ಮುಖವನ್ನು. ಅರ್ಜೆಂಟೋ ಇಲ್ಲಿ ಮೋಸ ಮಾಡಿಲ್ಲ. ಆ ಮುಖವನ್ನು ಆರಂಭದಲ್ಲೇ ಪ್ರೇಕ್ಷಕರಿಗೆ ತೋರಿಸಿದ್ದಾರೆ. ಕಣ್ಣೆದುರೇ ಇದ್ದದ್ದು ನಮಗೆ ಕಾಣಲಿಲ್ಲ, ಅಷ್ಟೆ.

‘ಸಸ್ಪೀರಿಯಾ’ದಲ್ಲಿ ರಹಸ್ಯ ಹಿಂದೆ ಸರಿದು ಬಣ್ಣ ಮುಂದೆ ಬಂತು. ತೊವೊಲಿ ಶಕ್ತಿಶಾಲಿ ಕಾರ್ಬನ್ ಆರ್ಕ್ ದೀಪಗಳ ಮುಂದೆ ಬಣ್ಣದ ಮಖಮಲ್ ಮತ್ತು ಟಿಶ್ಯೂ ಹೊದಿಸಿದ ಚೌಕಟ್ಟುಗಳನ್ನಿಟ್ಟು, ಅವನ್ನು ನಟಿಯರ ಮುಖದ ತೀರಾ ಹತ್ತಿರಕ್ಕೆ ತಂದರು. ಬಣ್ಣ ಲ್ಯಾಬಿನಲ್ಲಿ ಸೇರಿದ್ದಲ್ಲ, ಚಿತ್ರೀಕರಣದ ಹೊತ್ತಿನಲ್ಲೇ ಚರ್ಮದ ಮೇಲೆ ಬಿದ್ದದ್ದು. ಪ್ರಿಂಟ್‌ಗಳನ್ನು ರೋಮ್‌ನ ಟೆಕ್ನಿಕಲರ್ ಲ್ಯಾಬಿನಲ್ಲಿ ಡೈ ಟ್ರಾನ್ಸ್‌ಫರ್ ವಿಧಾನದಲ್ಲಿ ತೆಗೆದರು. ಆಗಲೇ ಮರೆಯಾಗುತ್ತಿದ್ದ ವಿಧಾನ ಅದು: ನೆಗೆಟಿವ್‌ನಿಂದ ಮೂರು ಮ್ಯಾಟ್ರಿಕ್ಸ್ ಫಿಲ್ಮ್ ತಯಾರಿಸಿ, ಅವನ್ನು ಹಳದಿ, ಮಜೆಂಟಾ, ಸಯಾನ್ ಬಣ್ಣಗಳಲ್ಲಿ ನೆನೆಸಿ, ಒಂದೇ ಫಿಲ್ಮಿನ ಮೇಲೆ ಒಂದಾದ ಮೇಲೊಂದು ಒತ್ತುವುದು. ಹಾಗಾಗಿ ಕೆಂಪು ನಿಜಕ್ಕೂ ಕೆಂಪಾಗಿ, ಕಪ್ಪು ತಳವಿಲ್ಲದಷ್ಟು ಕಪ್ಪಾಗಿ ನಿಲ್ಲುತ್ತಿತ್ತು. ಅರ್ಜೆಂಟೋ ಬಣ್ಣಕ್ಕೆ ಮಾದರಿಯಾಗಿ ಇಟ್ಟುಕೊಂಡದ್ದು ಡಿಸ್ನಿಯ 1937ರ ‘ಸ್ನೋ ವೈಟ್’.

ಸೆಟ್ಟಿನಲ್ಲೂ ಇದೇ ಯೋಚನೆ. ನೃತ್ಯಶಾಲೆಯ ಬಾಗಿಲ ಹಿಡಿಕೆಗಳನ್ನು ನಟಿಯರ ಮುಖದ ಎತ್ತರಕ್ಕೆ ಕೂರಿಸಿದ್ದರು. ಮೊದಲು ಈ ಕಥೆಯಲ್ಲಿ ಇರಬೇಕಾಗಿದ್ದದ್ದು ಚಿಕ್ಕ ಹುಡುಗಿಯರು. ದೊಡ್ಡವರನ್ನು ಹಾಕಿಕೊಳ್ಳಬೇಕಾಗಿ ಬಂದಾಗಲೂ ಮಕ್ಕಳ ಅಳತೆಯನ್ನು ಬಿಡಲಿಲ್ಲ. ನೋಡುವವರಿಗೆ ಕಾರಣ ತಿಳಿಯುವುದಿಲ್ಲ, ಏನೋ ಸರಿಯಿಲ್ಲ ಎಂದಷ್ಟೇ ಅನ್ನಿಸುತ್ತದೆ. ಗಾಬ್ಲಿನ್ ತಂಡದ ಸಂಗೀತವನ್ನು ಚಿತ್ರೀಕರಣದ ವೇಳೆ ಸೆಟ್ಟಿನಲ್ಲೇ ಜೋರಾಗಿ ಹಾಕುತ್ತಿದ್ದರು. ಬುಜುಕಿ ಎಂಬ ಗ್ರೀಕ್ ತಂತಿವಾದ್ಯ, ತಬಲಾ, ಸಿಂಥಸೈಜರ್, ಪಿಸುಮಾತು ಬೆರೆತ ಆ ಸಂಗೀತಕ್ಕೆ ತಕ್ಕಂತೆ ನಟಿಯರು ನಡೆದರು, ಕ್ಯಾಮೆರಾವೂ ನಡೆಯಿತು.

ಈ ಎಲ್ಲದರ ಹಿಂದಿರುವುದು ಒಂದೇ ಸೂತ್ರ. ಅರ್ಜೆಂಟೋ ಸಿನಿಮಾದಲ್ಲಿ ಜಾಗದ ಲೆಕ್ಕ ಪ್ರೇಕ್ಷಕರಿಗೆ ಸಿಗಬಾರದು. ಕೋಣೆ ಎಷ್ಟು ಉದ್ದ, ಗೋಡೆ ಎಷ್ಟು ದೂರ, ಕತ್ತಲ ಹಿಂದೆ ಏನಿದೆ ಎಂಬ ಅಳತೆ ತಪ್ಪಿದಾಗಲೇ ಅವರ ಭಯ ಕೆಲಸ ಮಾಡುವುದು. ಡ್ರಾಕುಲಾ ಕೈಕೊಟ್ಟಿದ್ದು ಇಲ್ಲೇ.

ಎಲ್ಲರಿಗೂ ಗೊತ್ತಿರುವ ಕಥೆ

ಬ್ರಾಮ್ ಸ್ಟೋಕರ್ ಕಾದಂಬರಿ ಬಂದದ್ದು 1897ರಲ್ಲಿ. ಅದು ಪತ್ರ, ದಿನಚರಿ, ಪತ್ರಿಕಾ ವರದಿಗಳ ಕಟ್ಟು. ಯಾರಿಗೂ ಪೂರ್ತಿ ಚಿತ್ರ ಗೊತ್ತಿಲ್ಲ, ಓದುಗರಿಗೆ ಮಾತ್ರ ಸ್ವಲ್ಪ ಮುಂಚಿತವಾಗಿ ಗೊತ್ತಾಗುತ್ತದೆ. ಆದರೆ ಮುರ್ನೌ ಅವರ ‘ನೊಸ್ಫೆರಾಟು’ (1922), ಬೇಲಾ ಲುಗೋಸಿ ನಟಿಸಿದ 1931ರ ಆವೃತ್ತಿ, ಕ್ರಿಸ್ಟೋಫರ್ ಲೀ ನಟಿಸಿದ 1958ರ ಹ್ಯಾಮರ್ ಸಂಸ್ಥೆಯ ಸಿನಿಮಾ, ಕಪೋಲಾ ಅವರ 1992ರ ಸಿನಿಮಾ ಇಷ್ಟೂ ಬಂದ ಮೇಲೆ ರಕ್ತ ಹೀರುವವನು ಯಾರೆಂಬುದು ಯಾರಿಗೂ ರಹಸ್ಯವಲ್ಲ. ‘ನಾನು ಕಂಡದ್ದೇನು?’ ಎಂಬ ಪ್ರಶ್ನೆಯನ್ನೇ ಬಂಡವಾಳ ಮಾಡಿಕೊಂಡ ನಿರ್ದೇಶಕರಿಗೆ, ಆ ಪ್ರಶ್ನೆಯೇ ಏಳದ ಕಥೆ ಸಿಕ್ಕಿತು.

ಹಾಗೆಂದು ಬೇರೆ ದಾರಿ ಇರಲಿಲ್ಲವೆಂದಲ್ಲ. ಈ ಚಿತ್ರಕಥೆಯಲ್ಲಿ ಒಂದು ನಿಜವಾದ ಹೊಸ ಯೋಚನೆ ಇದೆ. ಡ್ರಾಕುಲಾ ಇರುವ ಊರಿನ ಮುಖಂಡರು ಅವನೊಂದಿಗೆ ಒಪ್ಪಂದ ಮಾಡಿಕೊಂಡಿದ್ದಾರೆ. ಅವರಿಗೆ ಅವನಿಂದ ಅನುಕೂಲವಿದೆ. ಅದಕ್ಕೆ ಬದಲಾಗಿ ಅವನ ಕೆಲಸಕ್ಕೆ ಕಣ್ಣುಮುಚ್ಚಿಕೊಳ್ಳುತ್ತಾರೆ. ಇಡೀ ಊರೇ ಬಾಯಿ ಬಿಡದೆ ಪಾಪ ಹೊತ್ತಿರುವುದು ಅರ್ಜೆಂಟೋಗೆ ಹೇಳಿಮಾಡಿಸಿದ ವಿಷಯ. ಹೊರಗಿನಿಂದ ಬಂದ ಯುವಕ ಹಾರ್ಕರ್‌ನ ಕಣ್ಣಿನಿಂದ ಅದನ್ನು ಬಿಡಿಸುತ್ತಾ ಹೋಗಿದ್ದರೆ ಅವರ 1970ರ ದಶಕದ ಕೊಲೆ ರಹಸ್ಯಗಳ ಬಿಗಿ ಇದಕ್ಕೂ ಬರುತ್ತಿತ್ತು. ಆದರೆ ಸಿನಿಮಾ ಇದನ್ನು ಒಂದು ಮಾಹಿತಿಯಂತೆ ಹೇಳಿ ಬಿಡುತ್ತದೆ. ಮುಖಂಡರು ಒಟ್ಟುಗೂಡಿದ ಕೋಣೆಗೆ ಡ್ರಾಕುಲಾ ಬಂದು ಅವರನ್ನೆಲ್ಲ ಕೊಲ್ಲುವ ದೃಶ್ಯದಲ್ಲಿ ಮಾತ್ರ ಒಂದು ಕ್ಷಣ ಹಳೆಯ ಅರ್ಜೆಂಟೋ ಕಾಣಿಸುತ್ತಾರೆ. ಕೊಲೆಗಳಿಗೆ ಒಂದು ಕ್ರಮವಿದೆ, ಲಯವಿದೆ, ಕೋಪವಿದೆ.

ಕಥೆಯ ಭೂಗೋಳದಲ್ಲೂ ತೊಂದರೆ ಇದೆ. ಕಾದಂಬರಿಯಲ್ಲಿ ಹಾರ್ಕರ್ ವಕೀಲ. ಲಂಡನ್ ಬಳಿಯ ಮನೆಯೊಂದರ ಖರೀದಿ ಪತ್ರ ಹಿಡಿದು ಕೋಟೆಗೆ ಹೋಗುತ್ತಾನೆ. ಡ್ರಾಕುಲಾ 50 ಪೆಟ್ಟಿಗೆ ಮಣ್ಣಿನೊಡನೆ ಹಡಗು ಹತ್ತಿ ಇಂಗ್ಲೆಂಡಿಗೆ ಬರುತ್ತಾನೆ. ಅಲ್ಲಿಯ ದಿಗಿಲು ಪಿಡುಗು ಹರಡುವ ದಿಗಿಲು: ದೂರದ ಬೆಟ್ಟದಲ್ಲಿದ್ದದ್ದು ಈಗ ನಮ್ಮ ಮಹಾನಗರದಲ್ಲಿದೆ. ಅರ್ಜೆಂಟೋ ಸಿನಿಮಾದಲ್ಲಿ ಹಾರ್ಕರ್ ಗ್ರಂಥಾಲಯದ ಪುಸ್ತಕಗಳ ಪಟ್ಟಿ ಮಾಡಲು ಬರುತ್ತಾನೆ. ಅವನ ಹೆಂಡತಿ ಮೀನಾಳ ಗೆಳತಿ ಲೂಸಿ ಅದೇ ಊರಿನವಳು. ಮೀನಾ ಅಲ್ಲಿಗೇ ಬರುತ್ತಾಳೆ. ಎಲ್ಲವೂ ಒಂದೇ ಊರಿನೊಳಗೆ. ಡ್ರಾಕುಲಾ ಎಲ್ಲಿಗೂ ಹೊರಡಬೇಕಾಗಿಲ್ಲ, ಯಾವ ಗಡಿಯನ್ನೂ ದಾಟಬೇಕಾಗಿಲ್ಲ.

ಖರ್ಚು ಉಳಿಸಲು ಹೀಗೆ ಮಾಡುವುದು ತಪ್ಪೇನಲ್ಲ. 1958ರ ಹ್ಯಾಮರ್ ಸಿನಿಮಾದಲ್ಲಿ ನಿರ್ದೇಶಕ ಟೆರೆನ್ಸ್ ಫಿಶರ್ ಕೂಡ ಹಾರ್ಕರ್‌ನನ್ನು ಗ್ರಂಥಪಾಲಕನನ್ನಾಗಿ ಮಾಡಿ, ಸಮುದ್ರಯಾನವನ್ನೇ ಕಿತ್ತುಹಾಕಿದ್ದರು. ಆದರೆ ಅವರ ಸಿನಿಮಾ ಸುಮಾರು 82 ನಿಮಿಷದ್ದು. ಅಲ್ಲಿ ಹಾರ್ಕರ್ ಬಂದಿರುವುದೇ ಡ್ರಾಕುಲಾನನ್ನು ಮುಗಿಸಲು. ಪೀಟರ್ ಕುಶಿಂಗ್ ನಟಿಸಿದ, ರಕ್ತಪಿಶಾಚಿಗಳನ್ನು ಬೇಟೆಯಾಡುವ ವ್ಯಾನ್ ಹೆಲ್ಸಿಂಗ್ ಬೇಗ ಬಂದು ಕಥೆಯ ಹಗ್ಗವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಾನೆ. ಇಲ್ಲಿ ರುಟ್ಗರ್ ಹಾವರ್ ಅವರ ವ್ಯಾನ್ ಹೆಲ್ಸಿಂಗ್ ಕಾಲಿಡುವ ಹೊತ್ತಿಗೆ ಒಂದು ಗಂಟೆಗೂ ಹೆಚ್ಚು ಕಳೆದಿರುತ್ತದೆ. ಅಲ್ಲಿಯವರೆಗೆ ಡ್ರಾಕುಲಾಗೆ ಎದುರಾಳಿಯೇ ಇಲ್ಲ. ಎದುರಾಳಿ ಇಲ್ಲದಿದ್ದರೆ ಪ್ರತಿ ಕೊಲೆಯೂ ಒಂದು ಬಿಡಿ ಘಟನೆ, ಅಷ್ಟೆ.

ತ್ರೀಡಿ ಏನನ್ನು ಕಸಿದುಕೊಂಡಿತು

ಸಿನಿಮಾದ ದೊಡ್ಡ ಪೆಟ್ಟು ಇದೇ, ಇದನ್ನೇ ಹೆಚ್ಚಿನವರು ಗಮನಿಸಿಲ್ಲ. ಅಗ್ಗದ ಗ್ರಾಫಿಕ್ಸ್ ಕಣ್ಣಿಗೆ ರಾಚುತ್ತದೆ, ಆದ್ದರಿಂದ ಬೈಗುಳವೆಲ್ಲ ಅದಕ್ಕೇ ಹೋಗುತ್ತದೆ. ಗ್ರಾಫಿಕ್ಸ್ ಇಲ್ಲದ ದೃಶ್ಯಗಳೂ ಏಕೆ ಸಪ್ಪೆ ಎಂಬುದಕ್ಕೆ ಉತ್ತರ ಚಿತ್ರೀಕರಣದ ಸಲಕರಣೆಯಲ್ಲಿದೆ.

ನಮ್ಮ ಎರಡು ಕಣ್ಣುಗಳ ನಡುವೆ ಸುಮಾರು 6.5 ಸೆಂಟಿಮೀಟರ್ ಅಂತರ. ಆ ಅಂತರದಿಂದ ಬರುವ ಎರಡು ನೋಟಗಳ ವ್ಯತ್ಯಾಸದಲ್ಲೇ ಮಿದುಳು ದೂರವನ್ನು ಅಳೆಯುತ್ತದೆ. ತ್ರೀಡಿ ಚಿತ್ರೀಕರಣದಲ್ಲಿ ಎರಡು ಕ್ಯಾಮೆರಾಗಳು ಈ ಕೆಲಸ ಮಾಡುತ್ತವೆ. ಲೆನ್ಸ್‌ಗಳ ನಡುವಿನ ಅಂತರ ಎಷ್ಟಿರಬೇಕೆಂಬುದಕ್ಕೆ ಛಾಯಾಗ್ರಾಹಕರು ಬಳಸುವ ಒಂದು ಅಂದಾಜು ಲೆಕ್ಕವಿದೆ: ಚೌಕಟ್ಟಿನಲ್ಲಿ ಅತಿ ಹತ್ತಿರವಿರುವ ವಸ್ತುವಿನ ದೂರದ ಮೂವತ್ತನೇ ಒಂದು ಭಾಗ. ವಸ್ತು 3 ಮೀಟರ್ ದೂರದಲ್ಲಿದ್ದರೆ ಅಂತರ 10 ಸೆಂಟಿಮೀಟರ್. ಮುಖ 60 ಸೆಂಟಿಮೀಟರ್ ದೂರದಲ್ಲಿದ್ದರೆ ಬರೀ 2 ಸೆಂಟಿಮೀಟರ್.

ಎರಡು ಸಿನಿಮಾ ಕ್ಯಾಮೆರಾಗಳನ್ನು 2 ಸೆಂಟಿಮೀಟರ್ ಅಂತರದಲ್ಲಿ ಪಕ್ಕಪಕ್ಕ ಇಡಲು ಸಾಧ್ಯವಿಲ್ಲ. ಅವುಗಳ ದಪ್ಪವೇ ಅದಕ್ಕಿಂತ ಹೆಚ್ಚು. ಅದಕ್ಕೇ ಕನ್ನಡಿ ರಿಗ್ ಬಳಸುತ್ತಾರೆ: ಓರೆಯಾಗಿ ನಿಲ್ಲಿಸಿದ ಅರೆಪಾರದರ್ಶಕ ಕನ್ನಡಿ, ಅದರ ಮೂಲಕ ನೋಡುವ ಒಂದು ಕ್ಯಾಮೆರಾ, ಪ್ರತಿಬಿಂಬವನ್ನು ಹಿಡಿಯುವ ಇನ್ನೊಂದು ಕ್ಯಾಮೆರಾ. ಇಲ್ಲಿಂದ ತೊಂದರೆಗಳು ಒಂದರ ಹಿಂದೊಂದು ಬರುತ್ತವೆ.

ಮೊದಲನೆಯದು ಬೆಳಕು. ಕನ್ನಡಿ ಬೆಳಕನ್ನು ಎರಡು ಪಾಲು ಮಾಡುತ್ತದೆ. ಪ್ರತಿ ಕ್ಯಾಮೆರಾಗೆ ಅರ್ಧ, ಅಂದರೆ ಒಂದು ಸ್ಟಾಪ್ ನಷ್ಟ. ತ್ರೀಡಿಯಲ್ಲಿ ಹಿನ್ನೆಲೆ ಮಸುಕಾದರೆ ಕಣ್ಣು ಅದರ ಮೇಲೆ ನೆಲೆಸಲು ಹೋಗಿ ಸೋಲುತ್ತದೆ, ಆದ್ದರಿಂದ ಫೋಕಸ್ ಆಳವಾಗಿರಲಿ ಎಂದು ಲೆನ್ಸಿನ ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿಯನ್ನು ಕಿರಿದು ಮಾಡುತ್ತಾರೆ. ಎಫ್ 2ರಿಂದ ಎಫ್ 5.6ಕ್ಕೆ ಹೋದರೆ ಮೂರು ಸ್ಟಾಪ್, ಅಂದರೆ ಎಂಟು ಪಟ್ಟು ಬೆಳಕು ಬೇಕು. ಕನ್ನಡಿಯ ನಷ್ಟವೂ ಸೇರಿ ಹದಿನಾರು ಪಟ್ಟು. ಡಿಜಿಟಲ್ ಸೆನ್ಸರ್‌ನ ಹೆಚ್ಚಿನ ಸೂಕ್ಷ್ಮತೆ ಇದರಲ್ಲಿ ಸ್ವಲ್ಪ ಭಾಗ ತುಂಬಿಕೊಡುತ್ತದೆ, ಪೂರ್ತಿ ಅಲ್ಲ. ಉಳಿದದ್ದಕ್ಕೆ ಸೆಟ್ಟಿನ ತುಂಬ ಸಮನಾಗಿ ಬೆಳಕು ಸುರಿಯಬೇಕಾಗುತ್ತದೆ.

ಅಷ್ಟಕ್ಕೇ ಮುಗಿಯುವುದಿಲ್ಲ. ಸಾಮಾನ್ಯ ಪ್ರದರ್ಶನದಲ್ಲಿ ಪರದೆಯ ಹೊಳಪಿನ ಮಾನದಂಡ 48 ನಿಟ್. ತ್ರೀಡಿಯಲ್ಲಿ ಕನ್ನಡಕದ ಮೂಲಕ ಕಣ್ಣಿಗೆ ತಲುಪುವುದು ಸಾಮಾನ್ಯವಾಗಿ 15 ನಿಟ್ ಆಸುಪಾಸು. ಮೂರನೇ ಒಂದು ಪಾಲಿಗೂ ತುಸು ಕಡಿಮೆ. ಇಂಥ ಮಂಕಿನಲ್ಲಿ ಕಡುಕೆಂಪು ಕಂದಾಗುತ್ತದೆ, ಕಡುನೀಲಿ ಕಪ್ಪಿಗೆ ಸೇರಿಹೋಗುತ್ತದೆ. ಇದು ಗೊತ್ತಿರುವ ಛಾಯಾಗ್ರಾಹಕರು ಮೊದಲೇ ದೃಶ್ಯವನ್ನು ತಿಳಿಯಾಗಿ, ಹೆಚ್ಚು ಬೆಳಕಿನಲ್ಲಿ ತೆಗೆಯಬೇಕಾಗುತ್ತದೆ. ತೊವೊಲಿ ಅವರಂಥ ಬಣ್ಣದ ಮಾಂತ್ರಿಕರು ಕೋಟೆಯ ಕೋಣೆಗಳನ್ನು ಅಷ್ಟು ನಿಚ್ಚಳವಾಗಿ ಬೆಳಗಿಸಿದ್ದೇಕೆ ಎಂಬುದಕ್ಕೆ ನನಗೆ ಕಾಣುವ ಕಾರಣ ಇದು. ಅದೇ ಸಿನಿಮಾವನ್ನು ಮನೆಯಲ್ಲಿ ತ್ರೀಡಿ ಇಲ್ಲದೆ ನೋಡುವಾಗ ಆ ಹೆಚ್ಚುವರಿ ಬೆಳಕು ಬೆಳಕಾಗಿಯೇ ಉಳಿದು, ಕೋಟೆಯು ಟೆಲಿವಿಷನ್ ಸ್ಟುಡಿಯೋದಂತೆ ಕಾಣುತ್ತದೆ.

ಎರಡನೆಯ ತೊಂದರೆ ಹೊಳಪಿನದು. ಒದ್ದೆ ನೆಲ, ಗಾಜು, ನಯವಾದ ಕಲ್ಲು ಇವುಗಳಿಂದ ಬರುವ ಬೆಳಕು ಪೋಲರೈಸ್ ಆಗಿರುತ್ತದೆ, ಅಂದರೆ ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ. ರಿಗ್‌ನ ಕನ್ನಡಿ ಅಂಥ ಬೆಳಕನ್ನು ಎರಡೂ ಕ್ಯಾಮೆರಾಗಳಿಗೆ ಸಮನಾಗಿ ಹಂಚುವುದಿಲ್ಲ. ಎಡಗಣ್ಣಿಗೆ ಥಳಥಳ ಕಂಡದ್ದು ಬಲಗಣ್ಣಿಗೆ ಮಂಕು. ಮಿದುಳು ಯಾವುದನ್ನು ನಂಬಬೇಕೆಂದು ತಿಳಿಯದೆ ಕಣ್ಣು ನೋಯುತ್ತದೆ. ಇದನ್ನು ತಗ್ಗಿಸಲು ಕನ್ನಡಿಯ ಮುಂದೆ ವಿಶೇಷ ಫಿಲ್ಟರ್ ಹಾಕುತ್ತಾರೆ, ಇಲ್ಲವೇ ಹೊಳೆಯುವ ವಸ್ತುಗಳನ್ನೇ ದೂರ ಇಡುತ್ತಾರೆ. ಮಳೆಯಲ್ಲಿ ನೆನೆದ ಬೀದಿ, ಒಡೆದ ಬಣ್ಣದ ಗಾಜು, ಕರಿ ಚರ್ಮದ ಕೈಗವಸು ಇವು ಅರ್ಜೆಂಟೋ ಸಿನಿಮಾಗಳ ಮುಖ್ಯ ಸಾಮಗ್ರಿ. ಈ ಸಿನಿಮಾದಲ್ಲಿ ಅವುಗಳ ಜಾಗದಲ್ಲಿರುವುದು ಒಣ ಕಲ್ಲು ಮತ್ತು ಮರ.

ಕ್ಯಾಮೆರಾದ ನಡಿಗೆಯೂ ಕುಗ್ಗುತ್ತದೆ. ‘ಟೆನೆಬ್ರೇ’ಯಲ್ಲಿ ಲೂಮಾ ಕ್ರೇನ್ ಮೇಲಿನ ಹಗುರ ಕ್ಯಾಮೆರಾ ಸುಮಾರು ಎರಡೂವರೆ ನಿಮಿಷ ಕಟ್ ಇಲ್ಲದೆ ಮನೆಯೊಂದರ ಗೋಡೆ, ಸೂರು, ಕಿಟಕಿಗಳ ಮೇಲೆ ಹರಿದಾಡುತ್ತದೆ. ಎರಡು ಕ್ಯಾಮೆರಾ, ಕನ್ನಡಿ, ಮೋಟಾರು ಸೇರಿದ ರಿಗ್ಗನ್ನು ಹಾಗೆ ಕುಣಿಸಬೇಕಾದರೆ ದೊಡ್ಡ ಯಂತ್ರ ಬೇಕು, ದಿನಗಟ್ಟಲೆ ಸಮಯ ಬೇಕು. ಅತಿ ಹತ್ತಿರದ ಕ್ಲೋಸಪ್‌ಗಳೂ ಕಷ್ಟ. ‘ಒಪೆರಾ’ದಲ್ಲಿ ನಾಯಕಿಯ ಕಣ್ಣಿನ ಕೆಳಗೆ ಸೂಜಿಗಳನ್ನು ಅಂಟಿಸಿ, ಅವಳು ರೆಪ್ಪೆ ಮುಚ್ಚದಂತೆ ಮಾಡುವ ದೃಶ್ಯ ಪರದೆ ತುಂಬುವ ಕಣ್ಣಿನ ಮೇಲೆ ನಿಂತಿದೆ. ತ್ರೀಡಿಯಲ್ಲಿ ಅಂಥ ಶಾಟ್‌ಗೆ ಲೆನ್ಸ್ ಅಂತರ ಮಿಲಿಮೀಟರ್‌ಗಳ ಲೆಕ್ಕಕ್ಕೆ ಇಳಿಯಬೇಕು. ದೂರದಿಂದ ಉದ್ದ ಲೆನ್ಸಿನಲ್ಲಿ ತೆಗೆದರೆ ಮುಖ ರಟ್ಟಿನಲ್ಲಿ ಕತ್ತರಿಸಿದ ಆಕೃತಿಯಂತೆ ಚಪ್ಪಟೆಯಾಗುತ್ತದೆ.

ಸಂಕಲನವೂ ನಿಧಾನವಾಗುತ್ತದೆ. ಪ್ರತಿ ಕಟ್‌ನಲ್ಲೂ ಕಣ್ಣುಗಳು ಹೊಸ ಆಳಕ್ಕೆ ಹೊಂದಿಕೊಳ್ಳಬೇಕು. ಚಕಚಕನೆ ಶಾಟ್ ಬದಲಿಸಿದರೆ ಹಿಂಸೆಯ ಬದಲು ತಲೆನೋವು ಹುಟ್ಟುತ್ತದೆ. ಆದ್ದರಿಂದ ಶಾಟ್‌ಗಳು ಉದ್ದವಾಗುತ್ತವೆ, ನಟರು ಚೌಕಟ್ಟಿನ ನಡುವೆ ನಿಂತು ಮಾತಾಡುತ್ತಾರೆ. ಚೌಕಟ್ಟಿನ ಅಂಚಿನಲ್ಲಿ ಮುಂದಕ್ಕೆ ಚಾಚಿದ ವಸ್ತು ಅರ್ಧ ಕತ್ತರಿಸಿದರೆ ಆಳದ ಭ್ರಮೆ ಒಡೆಯುತ್ತದೆ, ಹಾಗಾಗಿ ಅಂಚುಗಳನ್ನು ಖಾಲಿ ಬಿಡಬೇಕಾಗುತ್ತದೆ. ಚೌಕಟ್ಟಿನ ಮೂಲೆಯಿಂದ ಕೈಯೊಂದು ನುಗ್ಗುವ ಹಳೆಯ ಉಪಾಯವೂ ಹೋಯಿತು.

ಇವೆಲ್ಲ ಹಣ, ಸಮಯ ಇದ್ದರೆ ನಿಭಾಯಿಸಬಹುದಾದ ತೊಂದರೆಗಳು. ನಿಭಾಯಿಸಲಾಗದ್ದು ಇನ್ನೊಂದಿದೆ. ‘ಡೀಪ್ ರೆಡ್’ನ ಕನ್ನಡಿಯನ್ನು ನೆನೆಯಿರಿ. ಚಪ್ಪಟೆ ಪರದೆಯ ಮೇಲೆ ಚಿತ್ರಪಟವೂ ಚಪ್ಪಟೆ, ಕನ್ನಡಿಯೊಳಗಿನ ಮುಖವೂ ಚಪ್ಪಟೆ. ಎರಡನ್ನೂ ಬೇರ್ಪಡಿಸುವ ಸುಳಿವು ನಮ್ಮ ಕಣ್ಣಿಗೆ ಸಿಗುವುದಿಲ್ಲ. ಅದೇ ದೃಶ್ಯವನ್ನು ತ್ರೀಡಿಯಲ್ಲಿ ತೆಗೆದರೆ ಚಿತ್ರಪಟ ಗೋಡೆಯ ಮಟ್ಟದಲ್ಲಿ ನಿಲ್ಲುತ್ತದೆ, ಪ್ರತಿಬಿಂಬ ಗೋಡೆಯ ಹಿಂದಕ್ಕೆ ಆಳವಾಗಿ ಹೋಗುತ್ತದೆ. ಮೊದಲ ನೋಟಕ್ಕೇ ಗುಟ್ಟು ಬಯಲು. ‘ಸಸ್ಪೀರಿಯಾ’ದ ಚಿತ್ತಾರದ ಗೋಡೆಗಳ ಮುಂದೆ ನಿಂತ ಹುಡುಗಿ ಗೋಡೆಯಲ್ಲಿ ಸೇರಿಹೋದಂತೆ ಕಾಣುವುದೂ ಪರದೆ ಚಪ್ಪಟೆಯಾಗಿರುವುದರಿಂದಲೇ. ತ್ರೀಡಿ ಪ್ರತಿ ವಸ್ತುವಿನ ದೂರವನ್ನೂ ಅಳೆದು ಪ್ರೇಕ್ಷಕರ ಕೈಗೆ ಕೊಡುತ್ತದೆ. ಜಾಗದ ಅಳತೆಯನ್ನು ಕದಿಯುವುದೇ ಕಸುಬಾಗಿದ್ದ ನಿರ್ದೇಶಕರಿಗೆ ಇದಕ್ಕಿಂತ ಹೊಂದದ ಸಲಕರಣೆ ಇರಲಾರದು. ಉತ್ತಮ ತ್ರೀಡಿ ಸಿನಿಮಾಗಳು ಇವೆ, ಒಪ್ಪಬೇಕು. ಅವುಗಳ ಸೊಗಸು ಇರುವುದು ಜಾಗವನ್ನು ಸ್ಪಷ್ಟಗೊಳಿಸುವುದರಲ್ಲಿ.

ಮೆಟ್ಟಿಲ ಮೇಲಿನ ಕೀಟ

ಇನ್ನು ಎಲ್ಲರೂ ಮಾತಾಡುವ ಆ ದೃಶ್ಯ. ಮುಂಗಾಲು ಮಡಚಿ ಕೈಮುಗಿದಂತೆ ನಿಲ್ಲುವ ಕೀಟವಿದೆಯಲ್ಲ, ಪ್ರೇಯಿಂಗ್ ಮ್ಯಾಂಟಿಸ್, ಡ್ರಾಕುಲಾ ಆ ರೂಪ ತಾಳಿ ಆಳೆತ್ತರ ಬೆಳೆದು ಮನೆಯ ಮೆಟ್ಟಿಲೇರಿ ಬಂದು ಕೊಲ್ಲುತ್ತಾನೆ. ಕಾದಂಬರಿಯಲ್ಲಿ ಅವನು ಬಾವಲಿ, ತೋಳ, ಮಂಜು ಆಗಬಲ್ಲ. ಅರ್ಜೆಂಟೋ ಅದಕ್ಕೆ ಗೂಬೆ, ನೊಣಗಳ ಹಿಂಡು ಮತ್ತು ಈ ಕೀಟವನ್ನು ಸೇರಿಸಿದರು.

ಯೋಚನೆ ಕೆಟ್ಟದ್ದಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಬಾವಲಿ ಸವೆದುಹೋದ ನಾಣ್ಯ. ಬೇಟೆಗಾಗಿ ಅಲುಗಾಡದೆ ಕಾಯುವ ಈ ಕೀಟ ರಕ್ತಪಿಶಾಚಿಗೆ ಒಪ್ಪುವ ರೂಪ. ‘ಫಿನಾಮಿನಾ’ದಲ್ಲಿ ಕೀಟಗಳ ಜತೆ ಮಾತಾಡಬಲ್ಲ ಹುಡುಗಿಯನ್ನು ತಂದವರು ಅರ್ಜೆಂಟೋ, ಅವರಿಗೆ ಈ ಲೋಕ ಹೊಸದಲ್ಲ. 1996ರ ‘ದ ಸ್ಟೆಂಡಾಲ್ ಸಿಂಡ್ರೋಮ್’ ಮೂಲಕ ಇಟಲಿಯ ಸಿನಿಮಾಕ್ಕೆ ಕಂಪ್ಯೂಟರ್ ಗ್ರಾಫಿಕ್ಸ್ ತಂದವರಲ್ಲಿ ಮೊದಲಿಗರೂ ಅವರೇ. ಸೋತದ್ದು ಕೆಲಸದಲ್ಲಿ.

ಕಂಪ್ಯೂಟರಿನಲ್ಲಿ ಮಾಡಿದ ಪ್ರಾಣಿ ನಿಜವೆನ್ನಿಸಬೇಕಾದರೆ ಅದರ ಕಾಲು ನೆಲಕ್ಕೆ ತಾಗುವಲ್ಲಿ ತೆಳು ನೆರಳು ಬೀಳಬೇಕು, ಕೋಣೆಯ ದೀಪದ ಬಣ್ಣ ಅದರ ಮೈಮೇಲೆ ಬರಬೇಕು, ಅದರ ಮೈಬಣ್ಣ ಗೋಡೆಗೂ ಸ್ವಲ್ಪ ಪ್ರತಿಫಲಿಸಬೇಕು, ಭಾರಕ್ಕೆ ತಕ್ಕಂತೆ ಹೆಜ್ಜೆ ನಿಧಾನವಾಗಬೇಕು. ಚಪ್ಪಟೆ ಸಿನಿಮಾದಲ್ಲಿ ಇವುಗಳಲ್ಲಿ ಒಂದೆರಡು ತಪ್ಪಿದರೂ ಕತ್ತಲು, ಹೊಗೆ, ಚುರುಕು ಕಟ್ ಸೇರಿ ಮುಚ್ಚಿಬಿಡುತ್ತವೆ. ತ್ರೀಡಿಯಲ್ಲಿ ಮುಚ್ಚಲಾಗದು. ಕಾಲಿಗೂ ಮೆಟ್ಟಿಲಿಗೂ ನಡುವೆ ಒಂದಿಷ್ಟು ಅಂತರವಿದ್ದರೂ ಎರಡು ಕಣ್ಣು ಅದನ್ನು ಅಳೆದು ಹೇಳುತ್ತವೆ: ಇದು ತೇಲುತ್ತಿದೆ. ಜತೆಗೆ ಪ್ರತಿ ಚೌಕಟ್ಟನ್ನೂ ಎರಡು ಬಾರಿ ರೆಂಡರ್ ಮಾಡಬೇಕು, ಅಂದರೆ ಕಂಪ್ಯೂಟರಿನಲ್ಲಿ ಲೆಕ್ಕಹಾಕಿ ಬಿಂಬವಾಗಿಸಬೇಕು. ಸೆಕೆಂಡಿಗೆ 24 ಚೌಕಟ್ಟಿನಂತೆ ಒಂದು ನಿಮಿಷಕ್ಕೆ 1,440. ಎರಡು ಕಣ್ಣಿಗೆ 2,880. ಸಣ್ಣ ಬಜೆಟ್ಟಿನಲ್ಲಿ ಕೆಲಸ ಇಮ್ಮಡಿಯಾದರೆ ಮೊದಲು ಕತ್ತರಿ ಬೀಳುವುದು ಆ ನೆರಳು, ಪ್ರತಿಫಲನಗಳಿಗೇ.

ಸ್ಟಿವಲೆಟ್ಟಿ ಕೈಯಿಂದ ಮಾಡಿದ ಗಾಯ, ರಕ್ತ, ಸೀಳಿದ ಕುತ್ತಿಗೆಗಳು ಇದೇ ಸಿನಿಮಾದಲ್ಲಿ ಎಷ್ಟು ಚೆನ್ನಾಗಿವೆ ಎಂದು ನೋಡಿದರೆ ಬೇಸರ ಹೆಚ್ಚುತ್ತದೆ. ಆಳೆತ್ತರದ ರಬ್ಬರ್ ಕೀಟವೊಂದನ್ನು ಅವರಿಂದಲೇ ಮಾಡಿಸಿ, ಮುಂಗಾಲು ಮತ್ತು ತಲೆಯನ್ನಷ್ಟೇ ಕತ್ತಲಲ್ಲಿ ತೋರಿಸಿದ್ದರೆ ಆ ದೃಶ್ಯ ಉಳಿಯುತ್ತಿತ್ತು.

ಹಣ ಎಲ್ಲಿಂದ ಬಂತು

ಅರ್ಜೆಂಟೋ ಬೆಳೆದದ್ದು ಇಟಲಿಯ ಚಿತ್ರಮಂದಿರಗಳು ತುಂಬಿ ತುಳುಕುತ್ತಿದ್ದ ಕಾಲದಲ್ಲಿ. ತಂದೆ ಸಾಲ್ವತೋರೆ ಅರ್ಜೆಂಟೋ ನಿರ್ಮಾಪಕರು. ಮಗನ ಮೊದಲ ಸಿನಿಮಾಗಳಿಗೆ ಹಣ ಹೂಡಿದವರು ಅವರೇ. 1976ರಲ್ಲಿ ಅಲ್ಲಿಯ ಸಾಂವಿಧಾನಿಕ ನ್ಯಾಯಾಲಯ ಖಾಸಗಿ ಸ್ಥಳೀಯ ಟಿವಿ ವಾಹಿನಿಗಳಿಗೆ ದಾರಿ ತೆರೆಯಿತು. 1970ರ ದಶಕದ ನಡುವೆ ವರ್ಷಕ್ಕೆ 50 ಕೋಟಿ ದಾಟಿದ್ದ ಟಿಕೆಟ್ ಮಾರಾಟ ಹತ್ತೇ ವರ್ಷದಲ್ಲಿ 12 ಕೋಟಿಯ ಆಸುಪಾಸಿಗೆ ಕುಸಿಯಿತು. ಭಯದ ಸಿನಿಮಾಕ್ಕೆ ಹಣ ಹಾಕುತ್ತಿದ್ದ ಮಧ್ಯಮ ಗಾತ್ರದ ನಿರ್ಮಾಪಕರು ಮೆಲ್ಲಗೆ ಕಣ್ಮರೆಯಾದರು.

2010ರ ಹೊತ್ತಿಗೆ ಇಂಥ ಸಿನಿಮಾ ಆಗಬೇಕಾದರೆ ಹಲವು ದೇಶದ ಹಣ ಸೇರಬೇಕಿತ್ತು, ಹೊರದೇಶದಲ್ಲಿ ಮೊದಲೇ ಮಾರಾಟವಾಗುವ ಹೆಸರು ಬೇಕಿತ್ತು. ಡ್ರಾಕುಲಾ ಹಕ್ಕಿನ ಹಣ ಕೊಡಬೇಕಿಲ್ಲದ, ಎಲ್ಲರಿಗೂ ಗೊತ್ತಿರುವ ಹೆಸರು. ತ್ರೀಡಿ ಆಗ ಬೇಡಿಕೆಯಲ್ಲಿದ್ದ ಆಕರ್ಷಣೆ. ಇಟಲಿ, ಫ್ರಾನ್ಸ್, ಸ್ಪೇನ್ ಸೇರಿ ನಿರ್ಮಿಸಿದ ಈ ಸಿನಿಮಾದ ಚಿತ್ರಕಥೆಗೆ ಅರ್ಜೆಂಟೋ ಸೇರಿ ನಾಲ್ವರ ಹೆಸರಿದೆ. ಅವರಲ್ಲೊಬ್ಬರು ಸ್ಪೇನಿನ ನಿರ್ಮಾಪಕ ಎನ್ರಿಕೆ ಸೆರೆಜೊ. ತಾರಾಗಣವೂ ಹಾಗೇ: ಜರ್ಮನಿಯ ಥಾಮಸ್ ಕ್ರೆಚ್‌ಮನ್ ಡ್ರಾಕುಲಾ, ಸ್ಪೇನಿನ ಉನಾಕ್ಸ್ ಉಗಾಲ್ದೆ ಹಾರ್ಕರ್, ಇಟಲಿಯ ಮಾರ್ತಾ ಗಸ್ತಿನಿ ಮೀನಾ, ಅರ್ಜೆಂಟೋ ಅವರ ಮಗಳು ಆಸಿಯಾ ಲೂಸಿ, ಡಚ್ ನಟ ಹಾವರ್ ವ್ಯಾನ್ ಹೆಲ್ಸಿಂಗ್. ಎಲ್ಲರೂ ಇಂಗ್ಲಿಷ್ ಆಡಬೇಕು. ಹಳೆಯ ಇಟಾಲಿಯನ್ ಪದ್ಧತಿಯಲ್ಲಿ ನಟರು ತಮ್ಮ ತಮ್ಮ ಭಾಷೆಯಲ್ಲಿ ಮಾತಾಡುತ್ತಿದ್ದರು, ಆಮೇಲೆ ಎಲ್ಲಕ್ಕೂ ಡಬ್ಬಿಂಗ್. ‘ಸಸ್ಪೀರಿಯಾ’ದ ಮಾತುಗಳು ತುಟಿಯಿಂದ ತುಸು ದೂರ ತೇಲುವುದು ಆ ಸಿನಿಮಾದ ಕನಸಿನಂಥ ವಾತಾವರಣಕ್ಕೆ ಒಗ್ಗಿತ್ತು. ಇಲ್ಲಿ ಉಚ್ಚಾರಣೆಯ ಏರುಪೇರು ಹಾಗೇ ಕಿವಿಗೆ ಬೀಳುತ್ತದೆ.

ಜಾಗಗಳ ಆಯ್ಕೆ ಮಾತ್ರ ಒಳ್ಳೆಯದು. ಪಿಯೆಮಾಂಟೆ ಪ್ರಾಂತ್ಯದ ಕಾಂದೆಲೊದಲ್ಲಿರುವ ಮಧ್ಯಯುಗದ ಕೋಟೆಹಳ್ಳಿ ಊರಾಯಿತು, ಮೊಂತಾಲ್ತೊ ದೊರಾದ ಕೋಟೆ ಡ್ರಾಕುಲಾನ ಕೋಟೆಯಾಯಿತು. ಆ ಕಲ್ಲಿನ ಓಣಿಗಳಲ್ಲಿ ಕ್ಯಾಮೆರಾ ಸುಮ್ಮನೆ ನಿಂತಾಗ ಸಿನಿಮಾ ಉಸಿರಾಡುತ್ತದೆ.

ನೋಡುವುದಾದರೆ

ಇದನ್ನು ತ್ರೀಡಿ ಇಲ್ಲದೆಯೇ ನೋಡಿ; ಟಿವಿಯ ಹೊಳಪನ್ನು ಸ್ವಲ್ಪ ತಗ್ಗಿಸಿ, ಚಲನೆಯನ್ನು ನಯಗೊಳಿಸುವ ಸೆಟ್ಟಿಂಗ್ ಆಫ್ ಮಾಡಿಬಿಡಿ. ಮೂಲದಲ್ಲಿ ಇಲ್ಲದ ಚೌಕಟ್ಟುಗಳನ್ನು ಆ ಸೆಟ್ಟಿಂಗ್ ತಾನೇ ಹುಟ್ಟಿಸಿ ಸೇರಿಸುತ್ತದೆ, ಮೊದಲೇ ಟೆಲಿವಿಷನ್ನಿನಂತೆ ಕಾಣುವ ಬಿಂಬ ಇನ್ನೂ ಕೆಡುತ್ತದೆ. ಅದಕ್ಕೂ ಮುಂಚೆ ‘ಡೀಪ್ ರೆಡ್’ ನೋಡಿರಬೇಕು, ಇಲ್ಲದಿದ್ದರೆ ಕಳೆದುಹೋದದ್ದು ಏನೆಂದೇ ತಿಳಿಯದು. ಮುಖಂಡರ ಕೊಲೆಯ ದೃಶ್ಯವನ್ನು ಎರಡು ಬಾರಿ ನೋಡಿ. ಕ್ರೆಚ್‌ಮನ್ ಅವರನ್ನು ಗಮನಿಸಿ: ಹಲ್ಲು ಕಿರಿಯದೆ, ದನಿ ಏರಿಸದೆ, ದಣಿದ ಜಮೀನ್ದಾರನಂತೆ ಡ್ರಾಕುಲಾನನ್ನು ಆಡಿದ್ದಾರೆ. ‘ದ ಸ್ಟೆಂಡಾಲ್ ಸಿಂಡ್ರೋಮ್’ನಲ್ಲಿ ಅವರನ್ನು ಕ್ರೂರಿಯಾಗಿ ಬಳಸಿಕೊಂಡದ್ದೂ ಅರ್ಜೆಂಟೋ ಅವರೇ. ಸಿಮೊನೆಟ್ಟಿ ಇಲ್ಲಿ ತೆರೆಮಿನ್ ಎಂಬ ನಡುಗುದನಿಯ ವಾದ್ಯ ಬಳಸಿದ್ದಾರೆ. ರಾಗ ಹಳೆಯ ಭೂತದ ಸಿನಿಮಾಗಳಿಗೆ ನಮಸ್ಕಾರ ಮಾಡುತ್ತದೆ. ದೃಶ್ಯವನ್ನು ಮುನ್ನಡೆಸುವ ಕೆಲಸವನ್ನು ಮಾತ್ರ ಅದಕ್ಕೆ ಯಾರೂ ಕೊಟ್ಟಿಲ್ಲ.

ವಯಸ್ಸೇ ಕಾರಣ ಎನ್ನುವವರು ಮುಂದಿನ ಸಿನಿಮಾವನ್ನೂ ನೋಡಬೇಕು. ಹತ್ತು ವರ್ಷದ ಬಳಿಕ, 2022ರ ಬರ್ಲಿನ್ ಚಿತ್ರೋತ್ಸವದಲ್ಲಿ ‘ಡಾರ್ಕ್ ಗ್ಲಾಸಸ್’ ಬಂತು; ಆಗ ಅರ್ಜೆಂಟೋಗೆ 81. ಫ್ರಾಂಕೊ ಫೆರಿನಿ ಜತೆ ವರ್ಷಗಳ ಹಿಂದೆ ಬರೆದು, ನಿರ್ಮಾಪಕರು ದಿವಾಳಿಯಾದ್ದರಿಂದ ಮೂಲೆಗೆ ಬಿದ್ದಿದ್ದ ಚಿತ್ರಕಥೆ ಅದು. ದೋಷಗಳಿಲ್ಲದ ಸಿನಿಮಾ ಅಲ್ಲ, ನಡುವೆ ಸಡಿಲವಾಗುತ್ತದೆ. ಆದರೆ ತ್ರೀಡಿ ಇಲ್ಲ, ಎಲ್ಲರಿಗೂ ಗೊತ್ತಿರುವ ಕಥೆಯಲ್ಲ, ಮತ್ತೆ ನೋಟವೇ ವಿಷಯ: ರೋಮ್‌ನಲ್ಲಿ ಸೂರ್ಯಗ್ರಹಣ, ಕಣ್ಣಿಗೆ ಗಾಜು ಹಿಡಿದು ಆಕಾಶ ನೋಡುವ ಜನ, ಆಮೇಲೆ ಕೊಲೆಗಾರ ಅಟ್ಟಿಸಿಕೊಂಡು ಬಂದಾಗ ಆದ ಅಪಘಾತದಲ್ಲಿ ಕುರುಡಾಗುವ ನಾಯಕಿ. ಅವಳಿಗೆ ಜಾಗದ ಅಳತೆ ಸಿಗುವುದಿಲ್ಲ, ಕ್ಯಾಮೆರಾ ನಮಗೂ ಅದನ್ನು ಸುಲಭಕ್ಕೆ ಕೊಡುವುದಿಲ್ಲ. ಆ ಮೊದಲ ಇಪ್ಪತ್ತು ನಿಮಿಷ ‘ಡ್ರಾಕುಲಾ ತ್ರೀಡಿ’ಯ ಯಾವ ಭಾಗಕ್ಕಿಂತಲೂ ಬಿಗಿಯಾಗಿದೆ.